ಹಿತ್ತಲ ಮರಗಳಿಗೆ ಚಳಿಗಾಲದ ಸಿದ್ಧತೆ



ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ಮುನ್ನ ಮರಗಳನ್ನು ಶೀತದಿಂದ ಕಾಪಾಡುತ್ತಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಚಳಿಯಿಂದ ಮರ ಸಾಯುವುದಿಲ್ಲ. ನಮ್ಮಲ್ಲಿ ಅದಕ್ಕೆ ವೈರಿ ಒಣಗಾಳಿ. ದಸರೆಯ ಬನ್ನಿ ಹಂಚಿದ ಮೇಲೆ ಮಳೆ ಹಿಂದೆ ಸರಿಯುತ್ತದೆ. ನೆಲದ ತೇವ ದಿನೇ ದಿನೇ ಆರುತ್ತದೆ. ಆಗ ಉಳಿಸಿಕೊಂಡ ತೇವವೇ ಏಪ್ರಿಲ್-ಮೇ ತಿಂಗಳಲ್ಲಿ ರಾಸುಗಳಿಗೆ ನೆರಳಾಗಿ, ಹಸಿರು ಸೊಪ್ಪಾಗಿ ಒದಗುತ್ತದೆ.

ಬಿಸಿಲಿನಲ್ಲಿ ಕಟ್ಟಿದ ರಾಸು ಮೇವು ಕಡಿಮೆ ತಿನ್ನುತ್ತದೆ, ಹಾಲು ಇಳಿಯುತ್ತದೆ. ಎಮ್ಮೆಗೆ ಕಪ್ಪು ಚರ್ಮ, ಬೆವರುವುದೂ ಕಡಿಮೆ. ಅದಕ್ಕೆ ತೊಂದರೆ ಇನ್ನೂ ಹೆಚ್ಚು. ಆದ್ದರಿಂದ ದೀಪಾವಳಿಯಿಂದ ಎಳ್ಳಮಾವಾಸ್ಯೆಯೊಳಗೆ ಈ ಕೆಲಸಗಳನ್ನು ಮುಗಿಸಿರಿ.

1. ಪಾತಿ ಮತ್ತು ಗೊಬ್ಬರ: ನೀರು ಹೀರುವ ಎಳೆಯ ಬೇರುಗಳು ಹೆಚ್ಚಾಗಿ ಬೊಡ್ಡೆಯಿಂದ ದೂರದಲ್ಲಿ, ಕೊಂಬೆಗಳ ತುದಿಯ ನೆರಳು ಬೀಳುವಲ್ಲಿ ಇರುತ್ತವೆ. ಪಾತಿಯನ್ನು ಅಲ್ಲಿಯವರೆಗೆ ಅಗಲಿಸಿ, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರವನ್ನು ಎರಡು ಬುಟ್ಟಿ ಹಾಕಿರಿ. ಹಸಿ ಸಗಣಿ ಬೇಡ. ಅದು ಬೇರಿಗೆ ಕಾವು ಕೊಡುತ್ತದೆ. ಎರೆ ಭೂಮಿಯಲ್ಲಿ ಬಿರುಕು ಬಿಟ್ಟರೆ ಬೇರು ಹರಿಯುತ್ತದೆ. ಮೇಲ್ಮಣ್ಣನ್ನು ತೆಳುವಾಗಿ ಕೆದಕಿ ಬಿರುಕು ಮುಚ್ಚಿರಿ. ಕಾಲುವೆ ನೀರಿರುವ ಗಂಗಾವತಿ ಭಾಗದಲ್ಲಿ ಬೊಡ್ಡೆಗೆ ನೀರು ನಿಲ್ಲದಂತೆ ನೋಡಿಕೊಳ್ಳಿರಿ.

2. ಹೊದಿಕೆ: ರಾಸುಗಳು ತಿಂದು ಬಿಟ್ಟ ಕಣಿಕೆ, ಒಣ ಎಲೆ, ಶೇಂಗಾ ಸಿಪ್ಪೆಯನ್ನು ಸುಡಬೇಡಿರಿ. ಪಾತಿಯ ಮೇಲೆ 3-4 ಅಂಗುಲ ದಪ್ಪ ಹರಡಿರಿ. ಮಸಾರಿ ಭೂಮಿ ಬೇಗ ಒಣಗುವುದರಿಂದ ಅಲ್ಲಿ ಇದು ಇನ್ನೂ ಅವಶ್ಯ. ಬೊಡ್ಡೆಯ ಸುತ್ತ ಅರ್ಧ ಅಡಿ ಬಿಡಿರಿ. ಇಲ್ಲದಿದ್ದರೆ ಗೆದ್ದಲು ಏರುತ್ತದೆ. ಹಾಲಿನ ಕ್ಯಾನು, ಬಕೆಟ್ಟು ಗಲಬರಿಸಿದ ನೀರನ್ನೂ ಪಾತಿಗೆ ಹಾಯಿಸಬಹುದು.

3. ಸವರುವುದು: ಸುಬಾಬುಲ್, ಗ್ಲಿರಿಸಿಡಿಯಾಗಳನ್ನು ನೆಲದಲ್ಲಿ ತೇವ ಇರುವಾಗಲೇ ಸುಮಾರು 3 ಅಡಿ ಎತ್ತರ ಬಿಟ್ಟು ಕತ್ತರಿಸಿದರೆ ಹೊಸ ಚಿಗುರು ಬರುತ್ತದೆ. ಬೇವು, ಹುಣಸೆ, ಹೊಂಗೆಯಂಥ ನೆರಳಿನ ಮರಗಳಲ್ಲಿ ಒಣಗಿದ ಮತ್ತು ತೀರ ಕೆಳಗಿನ ಕೊಂಬೆ ಮಾತ್ರ ತೆಗೆಯಿರಿ. ದಪ್ಪ ಕೊಂಬೆಗೆ ಮೊದಲು ಕೆಳಗಿನಿಂದ ಸ್ವಲ್ಪ ಗರಗಸ ಹಾಕಿ, ನಂತರ ಮೇಲಿನಿಂದ ಕೊಯ್ದರೆ ತೊಗಟೆ ಸೀಳುವುದಿಲ್ಲ. ಗಾಯಕ್ಕೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಟ್ಟ ಸುಣ್ಣ, 1 ಲೀಟರ್ ನೀರಿನ ಬೋರ್ಡೋ ಮುಲಾಮು ಹಚ್ಚಿರಿ. ತುತ್ತ ಮತ್ತು ಸುಣ್ಣವನ್ನು ಅರ್ಧರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ ಕೂಡಿಸಬೇಕು. ಕಬ್ಬಿಣದ ಪಾತ್ರೆ ಬೇಡ; ಪ್ಲಾಸ್ಟಿಕ್ ಅಥವಾ ಮಣ್ಣಿನದು ಇರಲಿ. ತುತ್ತ ವಿಷ, ಅದರಲ್ಲೂ ಕುರಿಗಳಿಗೆ ಬಹಳ ಅಪಾಯ. ಜಾನುವಾರು ನೆಕ್ಕುವ ಎತ್ತರದಲ್ಲಿ ಹಚ್ಚಬೇಡಿರಿ. ಆ ಪಾತ್ರೆಯನ್ನು ನೀರು, ದಾಣಿಗೆ ಬಳಸಬೇಡಿರಿ.

4. ಬೊಡ್ಡೆಯ ರಕ್ಷಣೆ: ಎಲೆಯಲ್ಲಿ ತಯಾರಾದ ಆಹಾರ ತೊಗಟೆಯ ಮೂಲಕ ಬೇರಿಗೆ ಇಳಿಯುತ್ತದೆ. ರಾಸು ಕಟ್ಟಿದ ಹಗ್ಗ ಉಜ್ಜಿ ಸುತ್ತಲೂ ತೊಗಟೆ ಹೋದರೆ ಬೇರು ಉಪವಾಸ ಬಿದ್ದು, ಎಷ್ಟು ನೀರು ಹಾಕಿದರೂ ಮರ ಒಣಗುತ್ತದೆ. ಮರಕ್ಕೆ ದನ ಕಟ್ಟದೆ, ನೆರಳಿನಲ್ಲಿ ಬೇರೆ ಗೂಟ ಹುಗಿಯಿರಿ.

5. ಸೊಪ್ಪಿನ ಬಳಕೆ: ಸುಬಾಬುಲ್ ಸೊಪ್ಪು ಪುಷ್ಟಿಕರವಾದರೂ ಅದರಲ್ಲಿ ಮಿಮೋಸಿನ್ ಎಂಬ ವಿಷಾಂಶವಿದೆ. ಒಟ್ಟು ಮೇವಿನ ಮೂರನೇ ಒಂದು ಪಾಲು ಮೀರದಂತೆ ಕೊಡಿರಿ. ಗ್ಲಿರಿಸಿಡಿಯಾ ವಾಸನೆಗೆ ರಾಸು ಮೊದಲು ಮೂಗು ತಿರುಗಿಸುತ್ತದೆ. ಕೆಲವು ಗಂಟೆ ಬಾಡಿಸಿ, ಕಣಿಕೆಯೊಡನೆ ಬೆರೆಸಿ ರೂಢಿ ಮಾಡಿಸಿರಿ.

ಇದಕ್ಕೆಲ್ಲ ಹೆಚ್ಚು ಹಣ ಬೇಡ. ಎರಡು ದಿನದ ದುಡಿಮೆ ಸಾಕು. ಬೆಳೆದ ಬೇವಿನ ಮರ ಒಂದು ಒಣಗಿದರೆ ಅದರ ನೆರಳನ್ನು ಮತ್ತೆ ಪಡೆಯಲು ಎಷ್ಟೋ ವರ್ಷ ಕಾಯಬೇಕು. ಈ ವಾರವೇ ಹಿತ್ತಲಿಗೆ ಹೋಗಿ ಪ್ರತಿ ಮರದ ಬೊಡ್ಡೆಯನ್ನು ಒಂದು ಸುತ್ತು ನೋಡಿ ಬನ್ನಿರಿ.