ಪಂಚನಾಗಿ ಸಹಿ ಹಾಕಿ ಬಂದವನಿಗೆ

ಮೊನ್ನೆ ರಾತ್ರಿ ಮುದ್ದೆ ಮುರಿದವನು ಸಾರಿಗೆ ಅದ್ದದೆ ಹಾಗೇ ಕೈ ತೊಳೆದು ಎದ್ದೆಯಂತೆ. ನಿಮ್ಮಮ್ಮ ಫೋನ್ ಮಾಡಿ ಹೇಳಿದಳು. ಕಾರಣ ನಾನು ಕೇಳಬೇಕಾಗಿಲ್ಲ ಮಗಾ. ಅಂಗಡಿ ಶಟರ್ ಎತ್ತುವ ಹೊತ್ತಿಗೆ ಪೊಲೀಸರು ಬಂದು, "ಒಂದು ಮಹಜರ್ ಇದೆ, ಬನ್ನಿ, ಹತ್ತು ನಿಮಿಷದ ಕೆಲಸ" ಅಂದಿದ್ದಾರೆ. ಹತ್ತು ನಿಮಿಷ ಮೂರು ಗಂಟೆ ಆಗಿದೆ. ಸಂಜೆ ಟಿವಿ ಹಾಕಿದರೆ ಹೆಣ ಸಿಕ್ಕಿದ ಅದೇ ಪೊದೆ, ಅದೇ ಟೇಪು, ಮೂಲೆಯಲ್ಲಿ ನಿನ್ನ ಬೆನ್ನು. ಬಾಗಲೂರಿನ ಅರ್ಧ ಜನ ಆ ಬೆನ್ನಿನ ಗುರುತು ಹಿಡಿದಿದ್ದಾರೆ.

ಕರೆದಾಗ ಹೋದೆಯಲ್ಲ, ಒಳ್ಳೆಯದೇ ಆಯಿತು. ಆದರೆ ಎಂಥ ಕೆಲಸಕ್ಕೆ ಒಪ್ಪಿಕೊಂಡೆ ಅಂತ ನಿನಗಿನ್ನೂ ಪೂರ್ತಿ ಗೊತ್ತಿಲ್ಲ. ನನಗೂ ಅವತ್ತು ಗೊತ್ತಿರಲಿಲ್ಲ.

ನಿನ್ನ ತಂಗಿ ಯಾವುದೋ ಅಮೆರಿಕದ ಸೀರಿಯಲ್ ನೋಡಿ, "ಅಲ್ಲಿ ಹನ್ನೆರಡು ಜನ ಕೂತು ಕೊಲೆ ಕೇಸಿಗೆ ತೀರ್ಪು ಕೊಡ್ತಾರಲ್ಲ ದೊಡ್ಡಪ್ಪ, ನಮ್ಮಲ್ಲಿ ಯಾಕಿಲ್ಲ?" ಅಂತ ಕೇಳಿದ್ದಳು. ಆ ಜ್ಯೂರಿ ಪದ್ಧತಿ ನಮ್ಮಲ್ಲೂ ಇತ್ತು. 1959ರಲ್ಲಿ ಬೊಂಬಾಯಿಯಲ್ಲಿ ನೌಕಾಪಡೆಯ ಕಮಾಂಡರ್ ನಾನಾವತಿ ಹೆಂಡತಿಯ ಗೆಳೆಯನನ್ನು ಗುಂಡಿಕ್ಕಿ ಕೊಂದಾಗ ಊರೆಲ್ಲ ಕೊಂದವನ ಕಡೆ ನಿಂತಿತು. 'ಬ್ಲಿಟ್ಜ್' ವಾರಪತ್ರಿಕೆಯಂತೂ ಅವನಿಗಾಗಿ ಟೊಂಕ ಕಟ್ಟಿತು. ಜ್ಯೂರಿಯಲ್ಲಿದ್ದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ತಪ್ಪಿತಸ್ಥನಲ್ಲ ಅಂದರು. ಜಡ್ಜು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಅಲ್ಲಿ ಜೀವಾವಧಿ ಶಿಕ್ಷೆಯಾಯಿತು, 1961ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿ ಅನ್ನುವುದೇ ಉಳಿಯಲಿಲ್ಲ. ಆ ಎಂಟು ಮಂದಿಯ ಕಥೆ ಹೇಳಿ ಜನ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಪೇಟೆಯಲ್ಲೆಲ್ಲ ಒಂದೇ ಮಾತು ನಡೆಯುತ್ತಿರುವಾಗ ಕೋರ್ಟಿನೊಳಗೆ ಕೂತು ಬೇರೆ ಮಾತು ಆಡುವುದು ಸುಲಭವಲ್ಲ. ಆ ಒಂಬತ್ತನೆಯವನು ಮನೆಗೆ ಹೇಗೆ ಹೋದನೋ.

ಜ್ಯೂರಿ ಹೋದ ಮೇಲೂ ಕೊಲೆ ಕೇಸಿನಲ್ಲಿ ಬೀದಿಯಲ್ಲಿ ಹೋಗುವವನ ಪಾಲು ಸ್ವಲ್ಪ ಉಳಿದಿದೆ. ಅದೇ ಪಂಚ. ಒಂದು ಕಾಲಕ್ಕೆ ಅರಳಿಕಟ್ಟೆಯ ಮೇಲೆ ಐದು ಜನ ಕೂತು ನ್ಯಾಯ ಹೇಳುತ್ತಿದ್ದರು, ಅದಕ್ಕೇ ಆ ಹೆಸರು. ಈಗ ಐದು ಜನ ಬೇಕಿಲ್ಲ, ಇಬ್ಬರು ಸಾಕು. ನ್ಯಾಯವನ್ನೂ ಹೇಳಬೇಕಿಲ್ಲ. ಎದುರಿಗೆ ನಡೆದದ್ದನ್ನು ನೋಡಿ, ಬರೆದದ್ದು ಸರಿಯಿದೆ ಅಂತ ಸಹಿ ಹಾಕಿ, ಕರೆದ ದಿನ ಕೋರ್ಟಿಗೆ ಬಂದು ಹೇಳಬೇಕು. ಇಷ್ಟೇ. ಈ 'ಇಷ್ಟೇ'ಯಲ್ಲಿ ನಾನು ಜಾರಿ ಬಿದ್ದದ್ದನ್ನು ಕೇಳು.

ಇಪ್ಪತ್ತು ವರ್ಷದ ಮೇಲಾಯಿತು. ಏರ್‌ಪೋರ್ಟ್ ಇನ್ನೂ ಬಂದಿರಲಿಲ್ಲ, ನಮ್ಮದು ದ್ರಾಕ್ಷಿ ತೋಟ. ಒಂದು ಕಲ್ಲು ಕ್ವಾರಿಯ ನೀರಿನಲ್ಲಿ ಹೆಣ ಸಿಕ್ಕಿತ್ತು. ಯಾವ ಕ್ವಾರಿ, ಯಾವ ಸ್ಟೇಷನ್ನು, ಅದೆಲ್ಲ ಬೇಡ. ಶವ ಮಹಜರಿಗೆ ನನ್ನನ್ನು ಕರೆದರು. ಹೆಣ ಹೊರಳಿಸಿ ಒಂದೊಂದು ಗಾಯವನ್ನೂ ಅಳೆದು ಬರೆದರು. ನನಗೆ ಗಾಯ ಅಷ್ಟು ನೆನಪಿಲ್ಲ. ಸೊಂಟದಲ್ಲಿ ಹೊಸದಾಗಿ ಕಟ್ಟಿದ ಉಡಿದಾರ ಇತ್ತು, ಅದು ಮಾತ್ರ ಕಣ್ಣಿಗೆ ಕಟ್ಟಿದೆ. ನನಗೂ ಮೂರು ದಿನ ಅನ್ನ ಸೇರಲಿಲ್ಲ. ಅದು ತಾನಾಗೇ ಹೋಗುತ್ತದೆ. ಹೋಗದಿದ್ದರೆ ಡಾಕ್ಟರಿಗೆ ತೋರಿಸು, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಆ ಸಹಿ ಸರಿಯಾಗಿಯೇ ಇತ್ತು. ನಾಲ್ಕು ದಿನ ಬಿಟ್ಟು ಸ್ಟೇಷನ್‌ಗೆ ಕರೆದು ಟೀ ಕೊಟ್ಟು, "ಇನ್ನೊಂದು ಸಹಿ ಸಾರ್, ಹೇಗೂ ನೀವೇ ಇದ್ರಲ್ಲ" ಅಂದರು. ಹಾಕಿದೆ. ಓದಲಿಲ್ಲ. ಓದಿದರೆ ಅವರನ್ನು ನಂಬಲಿಲ್ಲ ಅಂದಹಾಗೆ ಆಗುತ್ತದೆ ಅನ್ನುವ ಸಂಕೋಚ.

ಏಳು ವರ್ಷ ಆದಮೇಲೆ ಕಟಕಟೆಯಲ್ಲಿ ನಿಲ್ಲಿಸಿ ಆ ಕಾಗದ ತೋರಿಸಿದರು. ಆರೋಪಿ ನಮ್ಮನ್ನೆಲ್ಲ ಕರಕೊಂಡು ಹೋಗಿ ಪಂಪ್‌ಶೆಡ್ಡಿನ ಹಿಂದಿನಿಂದ ಮಚ್ಚು ತೆಗೆದುಕೊಟ್ಟ, ಅದನ್ನು ನನ್ನ ಸಮಕ್ಷಮ ಅಮಾನತು ಮಾಡಿದರು ಅಂತ ಅದರಲ್ಲಿತ್ತು. ಆ ಪಂಪ್‌ಶೆಡ್ಡನ್ನು ನಾನು ಇವತ್ತಿಗೂ ನೋಡಿಲ್ಲ. ಸಹಿ ನನ್ನದೇ. ನೋಡಿದೆ ಅಂದರೆ ಪ್ರಮಾಣ ಮಾಡಿ ಹೇಳಿದ ಸುಳ್ಳು, ನೋಡಿಲ್ಲ ಅಂದರೆ ಸಹಿ ಹಾಕಿದ್ದೇ ಸುಳ್ಳು. ನೋಡಿಲ್ಲ ಅಂದೆ. ಸರ್ಕಾರಿ ವಕೀಲರು ನನ್ನನ್ನು ಪ್ರತಿಕೂಲ ಸಾಕ್ಷಿ ಅಂತ ಮಾಡಿ ಅವರೇ ಪಾಟೀ ಸವಾಲಿಗೆ ನಿಂತರು. "ಆರೋಪಿಯ ಜೊತೆ ಶಾಮೀಲಾಗಿ ಸುಳ್ಳು ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ" ಅಂತ ಬೆರಳಚ್ಚಿನಲ್ಲಿ ಬಿದ್ದ ಸಾಲಿನ ಕೆಳಗೆ ನಾನು ಮತ್ತೊಂದು ಸಹಿ ಹಾಕಿದೆ. ಈ ಸಲ ಓದಿ ಹಾಕಿದೆ.

ಆರೋಪಿ ಬಿಡುಗಡೆ ಆದ. ನನ್ನಿಂದಲೇ ಆಯಿತೋ ಇಲ್ಲವೋ, ತೀರ್ಪು ತರಿಸಿ ನೋಡುವ ಧೈರ್ಯ ಬರಲಿಲ್ಲ. ಅವತ್ತು ಸಾಕ್ಷಿ ಹೇಳಿ ನಾನು ಹೊರಗೆ ಬಂದಾಗ ಕಾರಿಡಾರಿನ ಬೆಂಚಿನ ಮೇಲೆ ಸತ್ತ ಹುಡುಗನ ತಾಯಿ ಕೂತಿದ್ದಳು. ಬೈಯಲಿಲ್ಲ. "ಏನಣ್ಣ, ಹೇಳಿದ್ರಾ?" ಅಂದಳು. ಹೂಂ ಅಂದೆ. ಸುಳ್ಳಲ್ಲ, ನಿಜ ಅಂತ ಹೇಳೋಕೂ ಆಗಲ್ಲ.

ಅದಕ್ಕೇ ಕೇಳುತ್ತೇನೆ: ನೀನು ಎಷ್ಟು ಕಾಗದಕ್ಕೆ ಸಹಿ ಹಾಕಿದೆ? ಓದಿದೆಯಾ? ಮತ್ತೆ ಕರೆದರೆ, ಅಲ್ಲೇ ನಿಂತು ಬರೆಯುವುದನ್ನು ಕಣ್ಣಾರೆ ನೋಡದೆ ಹಾಕಬೇಡ. ತಾರೀಕು, ಶುರುವಾದ ಹೊತ್ತು, ಮುಗಿದ ಹೊತ್ತು, ಚೆಕ್ಕುಬಂದಿ, ಸಿಕ್ಕಿದ ವಸ್ತುವಿನ ಬಣ್ಣ, ಗುರುತು, ಎಲ್ಲ ನೋಡಿಕೋ. ಖಾಲಿ ಹಾಳೆ ಮುಂದಿಟ್ಟರೆ ಕೈಮುಗಿದು ಎದ್ದು ಬಾ. ವಸ್ತುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿ, ನಿನ್ನ ಸಹಿಯ ಚೀಟಿ ಅಂಟಿಸುತ್ತಾರೆ. ಚೀಟಿ ಅಂಟಿಸುವ ಮೊದಲು ಒಳಗೆ ಏನು ಹೋಯಿತು ಅಂತ ನೋಡು. ಸಣ್ಣ ವಸ್ತು ಅಂತ ಉದಾಸೀನ ಬೇಡ. 2019ರ ಜುಲೈ ಕೊನೆಯಲ್ಲಿ ಏರ್‌ಪೋರ್ಟ್ ಕಾಂಪೌಂಡಿನ ಹಿಂದೆ ಕಾಡಯರಪ್ಪನಹಳ್ಳಿ ಹತ್ತಿರ ಸಿಕ್ಕಿದ ಹೆಣ ಯಾರದೆಂದು ಯಾರಿಗೂ ತಿಳಿದಿರಲಿಲ್ಲ. ಪೊಲೀಸರು ಕೋಲ್ಕತ್ತಾವರೆಗೆ ಹೋಗಿ ಗುರುತು ಹಚ್ಚಿದ್ದು ಕೈಗಡಿಯಾರ, ಬಟ್ಟೆಯ ಜಾಡು ಹಿಡಿದೇ.

ಈಗ ಕಾನೂನೂ ಬದಲಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ, ಜಪ್ತಿ ಎಲ್ಲವನ್ನೂ ಮೊಬೈಲಿನಲ್ಲಾದರೂ ವೀಡಿಯೊ ಮಾಡಲೇಬೇಕು. ಪಟ್ಟಿ ಮಾಡುವುದು, ಪಂಚರು ಸಹಿ ಹಾಕುವುದೂ ಅದರಲ್ಲಿ ಬರಬೇಕು. ನನ್ನ ಕಾಲದಲ್ಲಿ ಅದಿದ್ದಿದ್ದರೆ ಆ ಟೀ ಕುಡಿಯುವ ಪ್ರಸಂಗವೇ ಬರುತ್ತಿರಲಿಲ್ಲ. ಹಾಗಂತ ಓಡಿಹೋಗುವ ದಾರಿ ಹುಡುಕಬೇಡ. ಶೋಧಕ್ಕೆ ಪಂಚನಾಗಿ ಬಾ ಅಂತ ಬರವಣಿಗೆಯಲ್ಲಿ ಕರೆದ ಮೇಲೆ ಸರಿಯಾದ ಕಾರಣವಿಲ್ಲದೆ ಒಲ್ಲೆ ಅಂದರೆ ಅದೇ ಒಂದು ಅಪರಾಧ. ಎಲ್ಲರೂ ಒಲ್ಲೆ ಅನ್ನುವುದರಿಂದಲೇ ಸ್ಟೇಷನ್ ಎದುರಿನ ಟೀ ಅಂಗಡಿಯವನು ಹತ್ತು ಕೇಸಿಗೆ ಪಂಚನಾಗುವುದು, ಆಮೇಲೆ ಕೋರ್ಟಿನಲ್ಲಿ ನಗೆಪಾಟಲಾಗುವುದು. ಪೊಲೀಸರದೂ ಕಷ್ಟವೇ, ಬೆಳಗ್ಗೆ ಆರು ಗಂಟೆಗೆ ಹೆಣದ ಹತ್ತಿರ ಯಾರು ಬರುತ್ತಾರೆ ಹೇಳು?

ಇವತ್ತೇ ಇನ್ನೊಂದು ಕೆಲಸ ಮಾಡು. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಆ ದಿನದ ಪುಟಕ್ಕೆ, ಎಷ್ಟು ಹೊತ್ತಿಗೆ ಹೋದೆ, ಯಾರ ಜೊತೆ, ಏನು ನೋಡಿದೆ, ನಾಲ್ಕು ಸಾಲು ಬರೆದಿಡು. ಆಗಿಂದಾಗಲೇ ತಾನೇ ಬರೆದದ್ದನ್ನು ನೋಡಿ ನೆನಪು ಮಾಡಿಕೊಳ್ಳಲು ಕೋರ್ಟಿನಲ್ಲಿ ಅವಕಾಶವಿದೆ. ಎದುರು ವಕೀಲರೂ ಆ ಪುಟ ಕೇಳಿ ನೋಡುತ್ತಾರೆ, ಆದ್ದರಿಂದ ನೋಡಿದ್ದನ್ನು ಮಾತ್ರ ಬರೆ. ಯಾಕೆ ಇಷ್ಟು ಹೇಳುತ್ತೇನೆ ಅಂದರೆ ನಿನ್ನ ಸರದಿ ಯಾವಾಗ ಬರುತ್ತದೋ ಗೊತ್ತಿಲ್ಲ. ದಿವಾನ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳು ಶಾಕಿರೆಯವರನ್ನು 1991ರಲ್ಲಿ ಕೊಂದು ರಿಚ್ಮಂಡ್ ರಸ್ತೆಯ ಮನೆಯಂಗಳದಲ್ಲೇ ಹೂತಿದ್ದು ಕೇಳಿದ್ದೀಯಲ್ಲ. ಅಲ್ಲಿ ಅಗೆದದ್ದು 1994ರಲ್ಲಿ, ಅದನ್ನೂ ವೀಡಿಯೊ ಮಾಡಿದ್ದರು. ಸೆಷನ್ಸ್ ಕೋರ್ಟಿನ ತೀರ್ಪು ಬಂದದ್ದು 2005ರಲ್ಲಿ, ಸುಪ್ರೀಂ ಕೋರ್ಟು ಕೊಂದ ಶ್ರದ್ಧಾನಂದನಿಗೆ ಸಾಯುವ ತನಕ ಜೈಲು ಅಂತ ಮುಗಿಸಿದ್ದು 2008ರಲ್ಲಿ. ಗೌರಿ ಲಂಕೇಶರ ಕೊಲೆ 2017ರ ಸೆಪ್ಟೆಂಬರ್ 5ಕ್ಕೆ. ಕೋರ್ಟಿನಲ್ಲಿ ಸಾಕ್ಷಿಗಳ ವಿಚಾರಣೆ ಶುರುವಾದದ್ದು 2022ರ ಜುಲೈಯಲ್ಲಿ. ದೊಡ್ಡ ಕೇಸು ಅಂದರೆ ಬೇಗ ಮುಗಿಯುವ ಕೇಸಲ್ಲ. ಅಷ್ಟರಲ್ಲಿ ನಿನಗೆ ಮದುವೆ ಆಗಿರುತ್ತದೆ, ಆ ಪೊದೆ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿರುತ್ತದೆ. "ಘಟನಾ ಸ್ಥಳದ ಉತ್ತರಕ್ಕೆ ಏನಿತ್ತು?" ಅಂತ ಆಗ ಕೇಳುತ್ತಾರೆ.

ನೆನಪಿದ್ದರೆ ಹೇಳು, ಇಲ್ಲದಿದ್ದರೆ "ನೆನಪಿಲ್ಲ ಸ್ವಾಮಿ" ಅನ್ನು. ವಕೀಲರನ್ನು ಗೆಲ್ಲಲು ಹೋಗಿ ಅಂದಾಜು ಹೊಡೆಯಬೇಡ. ಒಂದು ಅಂದಾಜಿನ ಬಾಲ ಹಿಡಿದು ನಿಜವನ್ನೂ ಎಳೆದು ಹಾಕುತ್ತಾರೆ, ಅದು ಅವರ ಕಸುಬು, ಕೋಪ ಮಾಡಿಕೊಳ್ಳಬಾರದು.

ಇನ್ನು ಟಿವಿಯವರು. ಮೈಕ್ ಹಿಡಿದು ಅಂಗಡಿಗೆ ಬಂದರೆ "ವ್ಯಾಪಾರದ ಹೊತ್ತು" ಅಂದುಬಿಡು. ಚಾನೆಲ್‌ಗಳನ್ನೂ ನೋಡಬೇಡ. ಅವರು ಗ್ರಾಫಿಕ್ಸ್‌ನಲ್ಲಿ ತೋರಿಸುವ ಕೊಲೆ ನಿನ್ನ ನೆನಪಿನೊಳಗೆ ನುಗ್ಗಿಬಿಡುತ್ತದೆ. ಆಮೇಲೆ ನೀನು ನೋಡಿದ್ದು ಯಾವುದು, ಅವರು ತೋರಿಸಿದ್ದು ಯಾವುದು ಅಂತ ನಿನಗೇ ತಿಳಿಯುವುದಿಲ್ಲ. ಟೀ ಅಂಗಡಿಯಲ್ಲಿ "ಅವನೇ ಮಾಡಿದ್ದು ಅಲ್ವಾ?" ಅಂತ ಕೇಳುತ್ತಾರೆ. ನೀನು ನೋಡಿದ್ದು ಜಾಗವನ್ನು, ಆಳನ್ನಲ್ಲ. ಹಾಗೇ ಹೇಳು.

ಆರೋಪಿಯ ಕಡೆಯವರು ಬರಬಹುದು. ನಮ್ಮ ಕಡೆ ಬೆದರಿಸಲು ಯಾರೂ ಮಚ್ಚು ಹಿಡಿದು ಬರುವುದಿಲ್ಲ. ಹಣ್ಣು ಹಿಡಿದು, ನೆಂಟಸ್ತಿಕೆ ಹುಡುಕಿಕೊಂಡು ಬರುತ್ತಾರೆ. ಕೂರಿಸು, ನೀರು ಕೊಡು, ಕೇಸಿನ ಮಾತು ಎತ್ತಿದರೆ ಎದ್ದು ನಿಲ್ಲು. ನಿಜವಾಗಿ ಹೆದರಿಕೆ ಆದರೆ ಬಾಯಿ ಮುಚ್ಚಿಕೊಂಡು ಇರಬೇಡ. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆಯಲ್ಲಿ ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರಾಗಿರುವ ಸಮಿತಿ ಇದೆ, ಅದಕ್ಕೆ ಅರ್ಜಿ ಕೊಡಬಹುದು. ಸರ್ಕಾರಿ ವಕೀಲರಿಗೆ ಮೊದಲು ತಿಳಿಸು.

ದಿನದ ವ್ಯಾಪಾರ ಹೋಗುತ್ತದಲ್ಲ ಅನ್ನುತ್ತಾನೆ ನಿಮ್ಮಪ್ಪ. ಹೋಗುತ್ತದೆ. ಸಾಕ್ಷಿ ಭತ್ಯೆ ಅಂತ ಇದೆ, ಕೇಳಿ ತಗೋ, ಅದರಿಂದ ಅಂಗಡಿ ನಡೆಯುವುದಿಲ್ಲ. ಒಂದೊಂದು ದಿನ ಬೆಳಗ್ಗಿನಿಂದ ಕೂರಿಸಿ ಮಧ್ಯಾಹ್ನ ವಾಯಿದೆ ಆಯಿತು ಅಂತ ಕಳಿಸುತ್ತಾರೆ. ಹಾಗೆ ಮೂರು ಸಲ ಬಂದುಹೋದ ಮೇಲೆ ನಾಲ್ಕನೇ ಸಲ ಹೋಗುವುದು ಬೇಡ ಅನ್ನಿಸುತ್ತದೆ. ಹೋಗದಿದ್ದರೆ ವಾರಂಟ್ ಬರುತ್ತದೆ.

ಸಮನ್ಸ್ ತಂದ ಕೋರ್ಟ್ ಪೀಸಿಯಿಂದ ಅದನ್ನು ಇಸಕೊಂಡ ದಿನ ನನಗೊಂದು ಫೋನ್ ಮಾಡು. ಬಾಗಲೂರು ಕ್ರಾಸಿನಲ್ಲಿ ಬೆಳಗ್ಗೆ ಎಂಟಕ್ಕೇ ಸಿಗೋಣ, ಹೆಬ್ಬಾಳದ ಟ್ರಾಫಿಕ್ ಗೊತ್ತಲ್ಲ. ಮೆಜೆಸ್ಟಿಕ್‌ನಲ್ಲಿ ಇಳಿದು ಕೆಂಪೇಗೌಡ ರಸ್ತೆಯಲ್ಲಿ ನಡೆದೇ ಹೋಗೋಣ, ಕಾವೇರಿ ಭವನದ ಪಕ್ಕವೇ ಕೋರ್ಟು. ನಿನ್ನ ಹೆಸರು ಮೂರು ಸಲ ಕೂಗುತ್ತಾರೆ. ನೀನು ಒಳಗೆ ಹೋಗು. ನಾನು ಕಾರಿಡಾರಿನ ಆ ಬೆಂಚಿನ ಮೇಲೆ ಕೂತಿರುತ್ತೇನೆ.