ಒಂದೇ ಬೀಡಿಯಲ್ಲಿ ಎರಡು ಚಟ



ಬೀಡಿ, ಸಿಗರೇಟಿನ ಹೊಗೆಸೊಪ್ಪನ್ನು ಉದುರಿಸಿ, ಗಾಂಜಾ ಬೆರೆಸಿ, ಮತ್ತೆ ತುಂಬಿ ಸೇದುವ ಅಭ್ಯಾಸ ಸಾನಮಾವಿನಂಥ ಊರಿಗೂ ದೂರದ ಮಾತಲ್ಲ. ಮಗನ ಬಾಯಲ್ಲಿ ಹೊಗೆ ವಾಸನೆ ಬಂದರೆ “ಬರೀ ಸಿಗರೇಟು ತಾನೇ” ಎಂದು ಮನೆಯವರು ಸಮಾಧಾನಪಡುತ್ತಾರೆ. “ಗಾಂಜಾ ಗಿಡದ್ದು, ಚಟ ಹಿಡಿಯೋದಿಲ್ಲ” ಎಂದು ಹುಡುಗರು ಹೇಳುತ್ತಾರೆ. ಎರಡೂ ಮಾತು ಸರಿಯಲ್ಲ.

ಏಕೆ ಬೆರೆಸುತ್ತಾರೆ?

ಗಾಂಜಾ ನಮ್ಮ ನಾಡಿನಲ್ಲಿ ಹಳೆಯದು. ಹೊಗೆಸೊಪ್ಪು ಅಮೆರಿಕದ ಗಿಡ. ಸುಮಾರು 400 ವರ್ಷಗಳ ಹಿಂದೆ ಪೋರ್ಚುಗೀಸರ ಮೂಲಕ ಇಲ್ಲಿಗೆ ಬಂತು. ಆಮೇಲೆ ಚಿಲುಮೆಯಲ್ಲಿ ಎರಡೂ ಕೂಡಿದವು. ಇಂದಿಗೂ ಕಾರಣಗಳು ಸರಳ:

1. ಗಾಂಜಾ ಅಂಟಂಟಾಗಿರುತ್ತದೆ, ಒಂದೇ ಸಮನೆ ಉರಿಯುವುದಿಲ್ಲ. ಹೊಗೆಸೊಪ್ಪು ಬೆಂಕಿ ಆರದಂತೆ ಹಿಡಿಯುತ್ತದೆ.
2. ಗಾಂಜಾ ದುಬಾರಿ. ಬೆರೆಸಿದರೆ ಸ್ವಲ್ಪವೇ ನಾಲ್ಕು ಜನರಿಗೆ ಸಾಕಾಗುತ್ತದೆ.
3. ನೋಡುವವರಿಗೆ ಅದು ಬೀಡಿಯಂತೆಯೇ ಕಾಣುತ್ತದೆ.
4. ನಿಕೋಟಿನ್ 10–20 ಸೆಕೆಂಡಿನಲ್ಲಿ ಮಿದುಳನ್ನು ಮುಟ್ಟುತ್ತದೆ. ಆ ತಲೆಸುತ್ತನ್ನೂ ಹುಡುಗರು ಗಾಂಜಾದ ಅಮಲು ಎಂದೇ ಎಣಿಸುತ್ತಾರೆ.
5. ಮೊದಲು ಕೈಗೆ ಕೊಟ್ಟ ಗೆಳೆಯ ಹಾಗೆಯೇ ಸುತ್ತಿದ್ದ. ಬೇರೆ ರೀತಿ ಇವರಿಗೆ ಗೊತ್ತೇ ಇಲ್ಲ.

ಬಿಡುವುದು ಏಕೆ ಕಷ್ಟ?

ನಿಕೋಟಿನ್ ರಕ್ತದಲ್ಲಿ ಸುಮಾರು 2 ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ; ದೇಹ ಮತ್ತೆ ಕೇಳುತ್ತದೆ. ಸಿಗರೇಟನ್ನೇ ಮುಟ್ಟದ ಹುಡುಗನೂ ಗಾಂಜಾದ ಜೊತೆ ಹೀಗೆ ಹೊಗೆಸೊಪ್ಪಿಗೆ ದಾಸನಾಗುತ್ತಾನೆ. ತಪಸ್ಸುಕಾಲದಲ್ಲಿ ಗಾಂಜಾ ಬಿಡುತ್ತೇನೆಂದು ನಿಶ್ಚಯಿಸಿ ಸಿಗರೇಟನ್ನು ಉಳಿಸಿಕೊಂಡವನಿಗೆ ಅದೇ ಹೊಗೆ, ಅದೇ ಗೆಳೆಯರು ಹಳೆಯದನ್ನು ನೆನಪಿಸುತ್ತಾರೆ. ಎರಡನ್ನೂ ಬಿಟ್ಟವನಿಗೆ ಮೊದಲ ವಾರ ನಿದ್ದೆ ಬಾರದು, ಊಟ ಸೇರದು, ಸಿಟ್ಟು ಬರುತ್ತದೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಇದು ತಗ್ಗುತ್ತದೆ. ಆ ದಿನಗಳಲ್ಲಿ ಮನೆಯವರು “ಇವನು ಕೆಟ್ಟ” ಎಂದು ಕೈಬಿಟ್ಟರೆ ಅವನು ಹೋಗುವುದು ಆ ಗೆಳೆಯರ ಬಳಿಗೇ. ಆದ್ದರಿಂದ ಚಿಕಿತ್ಸೆ ಎರಡು ಚಟಗಳಿಗೂ ಬೇಕು.

ಧರ್ಮಸಭೆ ಏನು ಹೇಳುತ್ತದೆ?

ನಮ್ಮ ದೇಹ ಪವಿತ್ರಾತ್ಮರ ಆಲಯವೆಂದು ಸಂತ ಪೌಲರು ಕೊರಿಂಥಿಯರಿಗೆ ಬರೆದ ಮೊದಲನೆಯ ಪತ್ರದಲ್ಲಿ (6:19) ಕಲಿಸುತ್ತಾರೆ. ಕಥೋಲಿಕ ಧರ್ಮಸಭೆಯ ಸತ್ಯೋಪದೇಶವು 2290ರಲ್ಲಿ ಹೊಗೆಸೊಪ್ಪಿನ ದುರ್ಬಳಕೆಯ ವಿಷಯದಲ್ಲಿ ಮಿತವನ್ನು ಬೋಧಿಸುತ್ತದೆ. 2291ರಲ್ಲಿ ಚಿಕಿತ್ಸೆಗಲ್ಲದ ಮಾದಕ ವಸ್ತುಗಳ ಸೇವನೆ ಗಂಭೀರ ಅಪರಾಧ ಎನ್ನುತ್ತದೆ. ಜಗದ್ಗುರು ಫ್ರಾನ್ಸಿಸ್‌ರವರು 2018ರಿಂದ ವ್ಯಾಟಿಕನ್ನಿನಲ್ಲಿ ಸಿಗರೇಟು ಮಾರಾಟವನ್ನೇ ನಿಲ್ಲಿಸಿದರು. ಪಾಪನಿವೇದನೆ ಆತ್ಮಕ್ಕೆ ಬಲ ಕೊಡುತ್ತದೆ; ಆದರೂ ವೈದ್ಯರ ನೆರವು ಬೇಡವೆಂದು ಅದರ ಅರ್ಥವಲ್ಲ.

ಎಲ್ಲಿಗೆ ಹೋಗುವುದು?

ಪೊಲೀಸ್ ಕೇಸಿನ ಹೆದರಿಕೆಯಿಂದ ಎಷ್ಟೋ ತಂದೆತಾಯಿ ಬಾಯಿ ಬಿಡುವುದಿಲ್ಲ. 1985ರ ಮಾದಕ ವಸ್ತು ಕಾಯ್ದೆಯಲ್ಲಿ ಗಾಂಜಾ ಸೇದುವುದಕ್ಕೆ ಶಿಕ್ಷೆ ಇದೆ, ನಿಜ. ಆದರೆ ಅದೇ ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇದಿದ್ದಕ್ಕೆ ಕೇಸಾದ ವ್ಯಸನಿ ತಾನಾಗಿಯೇ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರೈಸಿದರೆ ಮೊಕದ್ದಮೆಯಿಂದ ರಕ್ಷಣೆ ಉಂಟು. ಬೆಂಗಳೂರಿನ ಹೊಸೂರು ರಸ್ತೆಯಲ್ಲೇ ಇರುವ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ವಿಭಾಗವಿದೆ, ಕನ್ನಡದಲ್ಲೇ ಮಾತಾಡಬಹುದು. ಉಚಿತ ದೂರವಾಣಿ: ಮಾದಕ ವ್ಯಸನಕ್ಕೆ 14446, ಹೊಗೆಸೊಪ್ಪು ಬಿಡಲು 1800-11-2356.

ಅನ್ಬಿಯಂ ಕೂಟದಲ್ಲಿ ಚರ್ಚಿಸಲು

1. ಲೂಕ 15ರ ತಂದೆ, ಮಗ ಇನ್ನೂ ದೂರದಲ್ಲಿರುವಾಗಲೇ ಓಡಿ ಬಂದ. ನಮ್ಮ ಮನೆಗಳಲ್ಲಿ ಮಗನು ಹೆದರದೆ ಬಾಯಿ ಬಿಡಬಹುದೇ?
2. ಮಕ್ಕಳ ಎದುರಿನಲ್ಲಿ ಬೀಡಿ ಸೇದುವ ನಾವು ಹಿರಿಯರು ಅವರಿಗೆ ಏನು ಕಲಿಸುತ್ತಿದ್ದೇವೆ?
3. ಚಟ ಬಿಡಲು ಹೊರಟವನ ಮೊದಲ ವಾರದಲ್ಲಿ ಅಕ್ಕಪಕ್ಕದವರು ಯಾವ ನೆರವು ಕೊಡಬಹುದು?