ಏಪ್ರಿಲ್ ಸೊಪ್ಪಿಗೆ ತಕ್ಕ ಮೇಕೆ

ದೇವನಹಳ್ಳಿ ಸೀಮೆಯಲ್ಲಿ ಹಾಲಿಗೆಂದು ಮೇಕೆ ಸಾಕುವವರ ಲೆಕ್ಕ ಸೊಪ್ಪಿನಿಂದ ಶುರುವಾಗಬೇಕು. ಆಗಸ್ಟ್‌ನಲ್ಲಿ ಬೇಲಿಯೆಲ್ಲ ಹಸಿರಾಗಿದ್ದಾಗ ಇದೇ ಹಿತ್ತಿಲು 10 ಮೇಕೆ ಸಾಕೀತು ಎನ್ನಿಸುತ್ತದೆ. ಏಪ್ರಿಲ್ ಬಂದರೆ 3ಕ್ಕೂ ಸೊಪ್ಪು ಸಾಲದು. ಬೆಳೆದ ಮೇಕೆ ದಿನಕ್ಕೆ 3ರಿಂದ 4 ಕಿಲೋ ಹಸಿ ಸೊಪ್ಪು ತಿನ್ನುತ್ತದೆ. ಬೇಸಿಗೆಯ 90 ದಿನಕ್ಕೆ ಒಂದೊಂದಕ್ಕೂ 300 ಕಿಲೋ ಹತ್ತಿರ ಬೇಕು. ಅಷ್ಟು ಸೊಪ್ಪು ಎಲ್ಲಿಂದ ಬರುತ್ತದೆಂದು ತಿಳಿಯದೆ ಕೊಂಡ ಮೇಕೆ ಮೊದಲ ಬೇಸಿಗೆಯಲ್ಲೇ ಹಾಲು ಬತ್ತಿಸಿಕೊಂಡು ಸಂತೆಗೆ ಹೋಗುತ್ತದೆ.

ಹಿಂದಿನವರಿಗೆ ಈ ಲೆಕ್ಕ ಬೇಕಿರಲಿಲ್ಲ. ಗೋಮಾಳ, ಕೆರೆಯಂಗಳ, ರಾಗಿ ಕೊಯ್ದ ಹೊಲ ಮೇಯಲು ಸಿಗುತ್ತಿದ್ದವು. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಲ ಹೊಲಗಳಲ್ಲಿ ಲೇಔಟಿನ ಕಲ್ಲುಗಳು ಎದ್ದವು. ಉಳಿದ ಬಯಲಿನಲ್ಲಿ ಎಷ್ಟೋ ಕಡೆ ನೀಲಗಿರಿ ತೋಪು, ಮೇಕೆ ಅದಕ್ಕೆ ಬಾಯಿ ಹಾಕುವುದಿಲ್ಲ. ಹಾಗಾಗಿ ಸೊಪ್ಪನ್ನು ನೆಟ್ಟೇ ಬೆಳೆಯಬೇಕು. ಬೇಲಿಗುಂಟ ಅಗಸೆ, ಗೊಬ್ಬರದ ಗಿಡ, ಸುಬಾಬುಲ್, ನುಗ್ಗೆ, ಹಿಪ್ಪುನೇರಳೆಯನ್ನು ಮುಂಗಾರಿಗೆ ನೆಟ್ಟು, ಅವು ಒಂದು ವರ್ಷ ಬೇರೂರಿದ ಮೇಲೆ ಮೇಕೆ ತರುವುದು ಸರಿಯಾದ ಕ್ರಮ. ಈ ಒಂದು ವರ್ಷ ಕಾಯುವುದೇ ಎಲ್ಲಕ್ಕಿಂತ ಕಷ್ಟ. ಸುಬಾಬುಲ್ ಮಾತ್ರ ಒಟ್ಟು ಮೇವಿನಲ್ಲಿ ಮೂರನೇ ಒಂದು ಪಾಲು ಮೀರಬಾರದು. ಅದರಲ್ಲಿರುವ ಮಿಮೋಸಿನ್ ಎಂಬ ವಿಷಾಂಶಕ್ಕೆ ಕೂದಲು ಉದುರುತ್ತದೆ.

ತಾಲ್ಲೂಕಿನ ವಿಜಯಪುರದ ಕಡೆ ರೇಷ್ಮೆ ಇರುವುದರಿಂದ ಹಿಪ್ಪುನೇರಳೆ ಕಡ್ಡಿ ಸುಲಭವಾಗಿ ಸಿಗುತ್ತದೆ. ಹೊಲದಿಂದ ನೇರವಾಗಿ ತಂದ ಕಡ್ಡಿ ಒಳ್ಳೆಯ ಮೇವು. ಹುಳು ಮೇಯ್ದು ಬಿಟ್ಟ ಹಾಸಿಗೆಯ ಕಸದಲ್ಲಿ ಸುಣ್ಣ, ಸೋಂಕುನಿವಾರಕ ಪುಡಿ ಬೆರೆತಿರುತ್ತದೆ, ಅದು ಬೇಡ. ದ್ರಾಕ್ಷಿ ತೋಟದಲ್ಲಿ ಚಾಟನಿ ಮಾಡಿದ ಬಳ್ಳಿಯೂ ಅಷ್ಟೇ. ಎಲೆಯ ಮೇಲೆ ಹೊಡೆದ ಔಷಧಿಯ ಲೆಕ್ಕ ತೋಟದವರಿಗೇ ನೆನಪಿರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಮನೆಮನೆಯಲ್ಲೂ ಅವರೆ ಸುಲಿಯುತ್ತಾರೆ. ಆ ಸಿಪ್ಪೆ ಮೇಕೆಗೆ ಹಬ್ಬದೂಟ.

ಸೊಪ್ಪನ್ನು ನೆಲಕ್ಕೆ ಹಾಕದೆ ಕಟ್ಟಿ ತೂಗುಹಾಕುವುದಕ್ಕೆ ಕಾರಣವಿದೆ. ಮೇಕೆ ತಲೆ ಎತ್ತಿ ತಿನ್ನುವ ಪ್ರಾಣಿ. ತುಳಿದ ಸೊಪ್ಪು ಮುಟ್ಟದು. ಅದಕ್ಕಿಂತ ಮುಖ್ಯ, ಜಂತಿನ ಮಾತು. ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ಮಳೆಗಾಲದಲ್ಲಿ ಮರಿಹುಳುವಾಗಿ ಗಿಡ್ಡ ಹುಲ್ಲಿನ ಎಸಳು ಹತ್ತುತ್ತದೆ. ಅದನ್ನು ಮೇಯ್ದ ಮೇಕೆಯ ಹೊಟ್ಟೆಯಲ್ಲಿ ಹುಳು ರಕ್ತ ಹೀರುತ್ತದೆ. ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದರೆ ಒಳಗಡೆ ಕೆಂಪಾಗಿರಬೇಕು; ಬಿಳಿಚಿದ್ದರೆ, ದವಡೆಯ ಕೆಳಗೆ ನೀರು ತುಂಬಿದಂತೆ ಊದಿದ್ದರೆ, ತಡಮಾಡದೆ ಪಶುವೈದ್ಯರನ್ನು ಕಾಣಬೇಕು. ವಾರಕ್ಕೊಮ್ಮೆ ರೆಪ್ಪೆ ನೋಡುವ ಅಭ್ಯಾಸ ಉಳಿಸುವಷ್ಟು ಮೇಕೆಯನ್ನು ಬೇರಾವುದೂ ಉಳಿಸದು.

ಮೇಕೆ ಸಾಯುವ ಇನ್ನೊಂದು ದಾರಿ ಪ್ರೀತಿಯಿಂದಲೇ ಬರುತ್ತದೆ. ಮದುವೆ, ಹಬ್ಬದಲ್ಲಿ ಉಳಿದ ಅನ್ನ, ಮುದ್ದೆಯನ್ನು ಯಾರೋ ಬುಟ್ಟಿಗಟ್ಟಲೆ ತಂದು ಸುರಿಯುತ್ತಾರೆ. ಪಿಷ್ಟ ಹೊಟ್ಟೆಯಲ್ಲಿ ಹುಳಿತು ಆಮ್ಲವಾಗಿ ಮೇಕೆ ಒಂದೆರಡು ದಿನದಲ್ಲೇ ಸಾಯಬಹುದು. ಕೋಳಿಯ ಕಾಳಿಗೆ ಮೇಕೆ ಬಾಯಿ ಹಾಕಿದರೂ ಇದೇ ಗತಿ. ಕೋಳಿಗೂಡಿನ ಬಾಗಿಲು ಮೇಕೆಯ ತಲೆ ತೂರದಷ್ಟು ಚಿಕ್ಕದಿರಲಿ. ಪಿಪಿಆರ್ ಎಂಬ ಅಂಟುರೋಗಕ್ಕೂ ಕರುಳುಬೇನೆಗೂ ಲಸಿಕೆ ತಪ್ಪಬಾರದು. ಕರುಳುಬೇನೆಯದು ವರ್ಷ ವರ್ಷವೂ, ಮುಂಗಾರಿಗೆ ಮುಂಚೆ.

ಮೇಕೆಯ ಗರ್ಭ ಸುಮಾರು 150 ದಿನ. ಜುಲೈನಲ್ಲಿ ಬೆದೆಗೆ ಬಂದಾಗ ಹೋತ ಕೊಡಿಸಿದರೆ ಡಿಸೆಂಬರಿನಲ್ಲಿ ಮರಿ. ಆಗ ಮಳೆ ನಿಂತಿರುತ್ತದೆ, ಮೇವು ಇನ್ನೂ ಇರುತ್ತದೆ, ರಾತ್ರಿ ಚಳಿಗೆ ಗೋಣಿಚೀಲ ಸಾಕು. ಅಕ್ಟೋಬರಿನ ಮಳೆಯಲ್ಲಿ ಹುಟ್ಟಿದ ಮರಿ ನೆನೆದು, ಉಸಿರಾಟದ ತೊಂದರೆಯಿಂದ ಸಾಯುವುದೇ ಹೆಚ್ಚು. ಗಿಣ್ಣು ಮರಿಗೇ ಸೇರಬೇಕು, ಅದೂ ಹುಟ್ಟಿದ ಮೊದಲ ಗಂಟೆಗಳಲ್ಲೇ. ಎರಡು ಮೂರು ಮೇಕೆಗೆ ಸ್ವಂತ ಹೋತ ಬೇಡ. ಕೊಟ್ಟಿಗೆಯಲ್ಲಿ ಅದಿದ್ದರೆ ಅದರ ವಾಸನೆ ಹಾಲಿಗೆ ಹತ್ತುತ್ತದೆ. ಹಾಲನ್ನು ಕಾಯಿಸದೆ ಕುಡಿಯಬಾರದು, ಬ್ರುಸೆಲ್ಲಾ ಜ್ವರ ಹಸಿ ಹಾಲಿನಿಂದ ಮನುಷ್ಯರಿಗೆ ಬರುತ್ತದೆ. ಹಳ್ಳಿಯ ಡೇರಿ ಇರುವುದು ಹಸುವಿನ ಹಾಲಿಗೆ. ಮೇಕೆ ಹಾಲು ಮನೆಗೂ ಅಕ್ಕಪಕ್ಕದವರಿಗೂ ಎಂದುಕೊಂಡೇ ಸಾಕಬೇಕು.

ಮೇಕೆಯ ಜೊತೆ ಕೋಳಿಯನ್ನೂ ಸಾಕುವುದಾದರೆ ಎರಡು ಜಾತಿ ಇದ್ದರೆ ಅನುಕೂಲ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ನಾಟಿ ಕೋಳಿಗಿಂತ ಹೆಚ್ಚು ಮೊಟ್ಟೆ ಇಡುತ್ತದೆ, ಆದರೆ ಕಾವಿಗೆ ಕೂರುವುದಿಲ್ಲ. ಅದರ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗಿಟ್ಟರೆ 21 ದಿನಕ್ಕೆ ಮರಿ. ಕೊಕ್ಕರೆ ರೋಗಕ್ಕೆ ಮರಿಯ ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಲಸಿಕೆಯ ಹನಿ, ಎರಡು ತಿಂಗಳ ಹೊತ್ತಿಗೆ ಚುಚ್ಚುಮದ್ದು. ಮಡಕೆಗೆ ಹಳೇ ಹುಲ್ಲು, ಸಗಣಿ ತುಂಬಿ ನೀರು ಚಿಮುಕಿಸಿ ಬೋರಲು ಹಾಕಿದರೆ ರಾತ್ರಿ ಕಳೆಯುವುದರೊಳಗೆ ಗೆದ್ದಲು ಹತ್ತುತ್ತದೆ. ಮರಿಗಳಿಗೆ ಅದಕ್ಕಿಂತ ಒಳ್ಳೆಯ ಆಹಾರವಿಲ್ಲ. ಕೋಳಿ ಹಿಡಿಯಲು ಹಗಲು ಹದ್ದು, ಮುಂಗುಸಿ, ರಾತ್ರಿ ಕಾಡುಬೆಕ್ಕು ಬರುತ್ತವೆ. ಲೇಔಟುಗಳಿಂದ ಬರುವ ನಾಯಿಗಳು ಎರಡು ಹೊತ್ತೂ. ಮಂಕರಿಗೆ ಇವು ಬಗ್ಗುವುದಿಲ್ಲ, ಕತ್ತಲಾಗುವ ಮುಂಚೆ ಕಬ್ಬಿಣದ ಜಾಲರಿಯ ಗೂಡು ಮುಚ್ಚಬೇಕು.

ತರಕಾರಿ ಪಾತಿಗೆ ಬೇಲಿ ಮೊದಲು, ಬೀಜ ಆಮೇಲೆ. ಬದನೆ, ದಂಟು, ಹೀರೆ ಬೆಳೆಯುವಾಗ ಕೋಳಿ ಹೊರಗೇ ಇರಲಿ. ಬೆಳೆ ತೆಗೆದ ಪಾತಿಗೆ ಬಿಟ್ಟರೆ ಕೆದರಿ ಹುಳು ಹೆಕ್ಕುತ್ತದೆ. ಅದರ ಹಿಕ್ಕೆ ಹಸಿಯಾಗಿ ಬಿದ್ದರೆ ಸಸಿಯ ಬೇರು ಸುಡುತ್ತದೆ. ಮೇಕೆ ಹಿಕ್ಕೆ ಗಟ್ಟಿ, ಕರಗಲು ನಿಧಾನ. ಎರಡನ್ನೂ ತಿಪ್ಪೆಯಲ್ಲಿ ಒಣ ಸೊಪ್ಪಿನ ಜೊತೆ ಕಲಸಿ, ಆಗಾಗ ನೀರು ಚಿಮುಕಿಸಿ, ನಾಲ್ಕೈದು ತಿಂಗಳು ಕೊಳೆಸಿದರೆ ಕಪ್ಪಗೆ ಪುಡಿಯಾಗುತ್ತದೆ. ಮೇ ತಿಂಗಳ ಮೊದಲ ಮಳೆಗೆ ಅದು ಪಾತಿಗೆ. ಉಳಿದದ್ದು ಬೇಲಿಯ ಅಗಸೆ, ಹಿಪ್ಪುನೇರಳೆಯ ಬುಡಕ್ಕೆ.